ಮುರುಗಲು ಪಾನಕದಲ್ಲಿ ಗಾರ್ಸಿನಾಲ್ ಇರುತ್ತದೆಯೇ?

ಪ್ರಶ್ನೆ (ಶಿರಸಿಯಿಂದ): ಪ್ರತಿ ಬೇಸಿಗೆಯಲ್ಲೂ ನಮ್ಮ ಮನೆಯಲ್ಲಿ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಇಡುತ್ತೇವೆ. ಅದರಲ್ಲಿರುವ ಗಾರ್ಸಿನಾಲ್ ಎಂಬ ವಸ್ತುವನ್ನು ಕ್ಯಾನ್ಸರ್ ಸಂಶೋಧನೆಯಲ್ಲಿ ಬಳಸುತ್ತಾರೆಂದು ಕೇಳಿದ್ದೇನೆ. ದಿನವೂ ಪಾನಕ ಕುಡಿದರೆ ಅದು ದೇಹಕ್ಕೆ ಸೇರುತ್ತದೆಯೇ?

ಉತ್ತರ 1: ಪಾನಕದ ಕೆಂಪು ಆಂಥೋಸಯನಿನ್ ಎಂಬ ಬಣ್ಣದ ವಸ್ತುವಿನದು, ಹುಳಿ ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು, ಇವೆರಡೂ ನೀರಿಗೆ ಇಳಿಯುತ್ತವೆ. ಗಾರ್ಸಿನಾಲ್ ನೀರಿನಲ್ಲಿ ಕರಗದ ಹಳದಿ ವಸ್ತುವಾದ್ದರಿಂದ ಅದರ ಬಹುಪಾಲು ಸಿಪ್ಪೆಯಲ್ಲೇ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಎಥನಾಲ್‌ನಂಥ ದ್ರಾವಕ ಬಳಸಿ ಅದನ್ನು ಬೇರ್ಪಡಿಸುತ್ತಾರೆ.

ಉತ್ತರ 2: ಜೀವಕೋಶದಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಿಗೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಜೋಡಿಸುವ ಪಿ300 ಮತ್ತು ಪಿಸಿಎಎಫ್ ಕಿಣ್ವಗಳನ್ನು ಗಾರ್ಸಿನಾಲ್ ತಡೆಯುತ್ತದೆಂದು 2004ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡವು ತೋರಿಸಿತು. ಈ ಜೋಡಣೆ ಜೀನ್‌ಗಳ ಕೆಲಸದ ಮೇಲೆ ಪ್ರಭಾವ ಬೀರುವುದರಿಂದ, ಜೀನ್‌ಗಳ ನಿಯಂತ್ರಣವನ್ನು ಅಭ್ಯಸಿಸಲು ಗಾರ್ಸಿನಾಲ್ ಒಂದು ಸಾಧನ. ರೋಗಿಗೆ ಕೊಡುವ ಔಷಧವೆಂದು ಅರ್ಥವಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಪಾನಕವನ್ನು ಇನ್ನು ಸೆಕೆಗೆಂದೇ ಕುಡಿಯುತ್ತೇನೆ.