ಹವಳದ ದಿಬ್ಬ, ಬಂಡೆ, ದಂಡೆ: ಯಾವುದು ಸರಿ? ಜೊತೆಗೆ ಕಾಂಡ್ಲಾ (ಮ್ಯಾಂಗ್ರೋವ್) ಬಗ್ಗೆ

ಬಲ್ಲವರಿಗೆ ನಮಸ್ಕಾರ.

ದಾವಣಗೆರೆಯ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ನೇತ್ರಾಣಿ ದ್ವೀಪದ ಬಗ್ಗೆ ಫಲಕದ ಬರಹ ಬರೆದುಕೊಡುತ್ತಿದ್ದೇನೆ. ಓದುವವರು ಏಳನೇ, ಎಂಟನೇ ತರಗತಿಯವರು. ಸುಮಾರು ಮಕ್ಕಳು ಇನ್ನೂ ಕಡಲನ್ನೇ ಕಂಡಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗೆ ಅರಬ್ಬಿ ಸಮುದ್ರದಲ್ಲಿರುವ ಜಾಗ ಎಂದು ಶುರು ಮಾಡಿದ್ದೇನೋ ಆಯಿತು, ‘ಕೋರಲ್ ರೀಫ್’ (ಹವಳದ ಜೀವಿಗಳು ಕಡಲೊಳಗೆ ಕಟ್ಟುವ ರಚನೆ) ಬಂದಲ್ಲಿ ಪೆನ್ನು ನಿಂತಿತು.

ಪತ್ರಿಕೆಗಳಲ್ಲಿ ಹವಳದ ದಿಬ್ಬ, ಹವಳದ ಬಂಡೆ, ಹವಳದ ದಂಡೆ ಮೂರೂ ಕಾಣುತ್ತವೆ. ಬಂಡೆ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಚಿತ್ರದುರ್ಗದ ಕೋಟೆಗುಡ್ಡ. ಅದು ಜೀವಿಗಳ ಕೆಲಸ ಎಂದರೆ ಯಾವ ಹುಡುಗ ನಂಬುತ್ತಾನೆ? ದಂಡೆ ಅಂದರೆ ಹೊಳೆಯ ದಡ, ಇಲ್ಲವೇ ಮುಡಿಯುವ ಹೂವು. ದಿಬ್ಬ ವಾಸಿ, ಆದರೂ ಅದು ಬರೀ ಮಣ್ಣು. ಹವಳ ಅಂದರೆ ಮೆತ್ತನೆಯ ಪುಟ್ಟ ಪ್ರಾಣಿ. ಸಮುದ್ರದ ನೀರಿನಿಂದ ಸುಣ್ಣದ ಅಂಶ ಎಳೆದುಕೊಂಡು ತನ್ನ ಸುತ್ತ ಬಟ್ಟಲು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೇ ಸೂಕ್ಷ್ಮ ಪಾಚಿ ಇದ್ದು ಅನ್ನವನ್ನೂ ಬಣ್ಣವನ್ನೂ ಕೊಡುತ್ತದೆ. ನೀರು ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ತಲೆಮಾರುಗಳ ಮೇಲೆ ತಲೆಮಾರು ಹೀಗೆ ಕಟ್ಟಿದ್ದಕ್ಕೆ ‘ಹವಳದ ಹುತ್ತ’ ಎಂದರೆ ಹೇಗೆ? ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವ ಹಾಗೆ ಇಲ್ಲಿ ಸಂದಿಸಂದಿಗೆ ಮೀನು, ಏಡಿ ಸೇರಿಕೊಳ್ಳುತ್ತವೆ. ನನಗಂತೂ ಇದೇ ಹಿಡಿಸಿದೆ. ಆದರೆ ಎಲ್ಲೂ ಬಳಕೆಯಲ್ಲಿರುವುದನ್ನು ಕಂಡಿಲ್ಲ, ಅದಕ್ಕೇ ಅಳುಕು.

ಇನ್ನೊಂದು ತೊಡಕೂ ಇದೆ. ಲಕ್ಷದ್ವೀಪ, ಅಂಡಮಾನ್–ನಿಕೋಬಾರ್, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿಯಲ್ಲಿ ಇರುವಷ್ಟು ದೊಡ್ಡ ರಚನೆ ನೇತ್ರಾಣಿಯಲ್ಲಿಲ್ಲ. ಇಲ್ಲಿ ಹವಳ ಬಂಡೆಗೆ ಅಂಟಿಕೊಂಡು ಅಲ್ಲಲ್ಲಿ ಬೆಳೆದಿದೆ. ಅದಕ್ಕೆ ದಿಬ್ಬವೂ ಹೊಂದದು, ಹುತ್ತವೂ ತುಸು ದೊಡ್ಡ ಮಾತೇ. (ಅಕ್ಕಸಾಲಿಗರ ಅಂಗಡಿಯ ಕೆಂಪು ಹವಳ ಇದಲ್ಲ ಎಂದು ಫಲಕದಲ್ಲೇ ಬರೆಯುವವನಿದ್ದೇನೆ, ಇಲ್ಲದಿದ್ದರೆ ಮಕ್ಕಳ ಮೊದಲ ಪ್ರಶ್ನೆ ಬೆಲೆಯದ್ದೇ.)

ಮ್ಯಾಂಗ್ರೋವ್ ವಿಷಯದಲ್ಲಿ ನನಗೆ ಗೊಂದಲವಿಲ್ಲ, ಬೇಕಿರುವುದು ಬೆಂಬಲ. ಅಳಿವೆಯ ಕೆಸರಿನಲ್ಲಿ ಬೇರು ಮೇಲೆತ್ತಿ ನಿಲ್ಲುವ ಆ ಗಿಡಮರಗಳಿಗೆ ಉತ್ತರ ಕನ್ನಡದಲ್ಲಿ ಕಾಂಡ್ಲಾ ಎನ್ನುತ್ತಾರೆ. ಹೊನ್ನಾವರದಲ್ಲಿ ಶರಾವತಿ ಕಾಂಡ್ಲಾ ನಡಿಗೆಪಥವೇ ಇದೆ. ಸಸ್ಯಶಾಸ್ತ್ರದ ‘ಕಾಂಡೇಲಿಯಾ’ ಎಂಬ ಕುಲದ ಹೆಸರೂ ಮಲಯಾಳದ ‘ಕಂಡಲ್’ನಿಂದ ಬಂದದ್ದು. ಹೀಗಿರುವಾಗ ಪಠ್ಯದಲ್ಲಿ ಮ್ಯಾಂಗ್ರೋವ್ ಎಂದೇ ಏಕೆ ಉಳಿಯಬೇಕು? ನಾನು ಬರೆದ ‘ಕಾಂಡ್ಲಾ’ವನ್ನು ಪರಿಶೀಲಕರೊಬ್ಬರು ‘ಬಯಲುಸೀಮೆಗೆ ಅರ್ಥವಾಗದು’ ಎಂದು ಹೊಡೆದುಹಾಕಿದ್ದಾರೆ. ಮ್ಯಾಂಗ್ರೋವ್ ಮಾತ್ರ ಹರಿಹರದಲ್ಲಿ ಬೆಳೆಯುತ್ತದೆಯೇ?

ದ್ವೀಪ ಎಂಬುದನ್ನು ಬದಲಿಸುವ ಹಟವಿಲ್ಲ. ಕರಾವಳಿಯ ಕುದ್ರು, ಕುರ್ವೆ ಎಂಬ ಮಾತುಗಳು ಹೊಳೆಯ ನಡುವಿನ ನಡುಗಡ್ಡೆಗೆ, ಕಡಲಿಗೆ ಒಗ್ಗುವುದಿಲ್ಲ. ಆದರೆ ಅಲ್ಲಿಯವರು ‘ನೇತ್ರಾಣಿ ಗುಡ್ಡ’ ಎನ್ನುವುದುಂಟು. ನಮ್ಮ ಮಕ್ಕಳಿಗೆ ಗುಡ್ಡ ಗೊತ್ತು, ಹಾಗಾಗಿ ಮೊದಲ ಸಾಲಿನಲ್ಲೇ ಅದನ್ನು ಇಟ್ಟಿದ್ದೇನೆ.

ಕೊನೆಗೆ, ಫಲಕದಲ್ಲಿ ಬರುವ ದೊಡ್ಡ ಮೀನು ‘ವೇಲ್ ಶಾರ್ಕ್’. 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದ್ದು ಬೇಟೆ ನಿಷಿದ್ಧ. ‘ತಿಮಿಂಗಿಲ ಶಾರ್ಕ್’ ಎಂದು ಬರೆದರೆ ಮಕ್ಕಳು ತಿಮಿಂಗಿಲ ಎಂದೇ ತಿಳಿಯುತ್ತಾರೆ, ಅದು ಮೀನು. ಶಾರ್ಕಿಗೆ ಮಂಗಳೂರು ಕಡೆ ತಾಟೆ ಎಂಬ ಮಾತಿದೆ. ಈ ಚುಕ್ಕೆ ಚುಕ್ಕೆಯ ದೊಡ್ಡ ಮೀನಿಗೆ ಭಟ್ಕಳ, ಹೊನ್ನಾವರದ ದೋಣಿಯವರಲ್ಲಿ ಬೇರೆ ಹೆಸರಿದೆಯೇ? ನೀರೊಳಗಿನ ಹವಳಕ್ಕೆ ಅವರು ಏನನ್ನುತ್ತಾರೆ? ಕರಾವಳಿಯವರು ಕೇಳಿದ ಊರಿನ ಹೆಸರಿನೊಂದಿಗೆ ತಿಳಿಸಿದರೆ ಫಲಕ ಅಚ್ಚಿಗೆ ಹೋಗುವ ಮುನ್ನ ಸೇರಿಸಿಕೊಳ್ಳುತ್ತೇನೆ.