ಎಂಟು ವರ್ಷದ ಲೆಕ್ಕ

ಚಿಕ್ಕಪ್ಪ (ಫಾರ್ವರ್ಡ್): "ಅಮೆರಿಕದಲ್ಲಿ ಯಾರೂ ಎಂಟು ವರ್ಷಕ್ಕಿಂತ ಒಂದು ದಿನವೂ ಹೆಚ್ಚು ಅಧ್ಯಕ್ಷರಾಗಿರುವಂತಿಲ್ಲ. ಸಂವಿಧಾನ ಬರೆದ ದಿನದಿಂದಲೂ ಇದೇ ನಿಯಮ."

ನಾನು: ಚಿಕ್ಕಪ್ಪ, ಈ ಸಂದೇಶದ ಎರಡು ಮಾತೂ ಸರಿಯಲ್ಲ. ಮಿತಿ ಹಾಕಿದ 22ನೇ ತಿದ್ದುಪಡಿ ಜಾರಿಗೆ ಬಂದದ್ದೇ 1951ರಲ್ಲಿ. ಅದಕ್ಕೂ ಮೊದಲು ಎರಡು ಅವಧಿಗೆ ಸಾಕೆನ್ನುವುದು ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕಾಲದಿಂದ ನಡೆದುಬಂದ ವಾಡಿಕೆಯಷ್ಟೇ ಆಗಿತ್ತು. ಅದನ್ನು ಮುರಿದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1932ರಿಂದ 1944ರವರೆಗೆ ನಾಲ್ಕು ಚುನಾವಣೆಗಳನ್ನು ಗೆದ್ದರು.

ಚಿಕ್ಕಪ್ಪ: ಅದು ಹಳೆಯ ಮಾತಾಯಿತು. ತಿದ್ದುಪಡಿಯ ನಂತರವಾದರೂ ನಾಲ್ಕೆರಡ್ಲಿ ಎಂಟೇ ಅಲ್ಲವೇ?

ನಾನು: ಆ ಮಗ್ಗಿಯಲ್ಲಿ ನೀವು ಉಪಾಧ್ಯಕ್ಷರನ್ನು ಬಿಟ್ಟಿದ್ದೀರಿ. ತಿದ್ದುಪಡಿ ತಡೆಯುವುದು ಮೂರನೆಯ ಸಲ ಆಯ್ಕೆಯಾಗುವುದನ್ನು. ಬೇರೊಬ್ಬರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅಧಿಕಾರ ನಡೆಸಿದವರು ಒಮ್ಮೆ ಮಾತ್ರ ಆಯ್ಕೆಯಾಗಬಹುದು, ಎರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ನಡೆಸಿದವರಿಗೆ ಎರಡು ಸಲವೂ ಅವಕಾಶವಿದೆ, ಅಂದರೆ ಎರಡೂ ಎಂಟೂ ಸೇರಿ ಹತ್ತು ವರ್ಷದವರೆಗೆ. 1963ರ ನವೆಂಬರ್‌ನಲ್ಲಿ ಕೆನಡಿ ಹತ್ಯೆಯಾದಾಗ ಉಪಾಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಆ ಅವಧಿಯ ಉಳಿದ ಸುಮಾರು ಹದಿನಾಲ್ಕು ತಿಂಗಳು ಆಳಿ, 1964ರಲ್ಲಿ ಗೆದ್ದು, 1968ರಲ್ಲೂ ಸ್ಪರ್ಧಿಸಲು ಅರ್ಹರಾಗಿದ್ದರು. ತಾವಾಗಿಯೇ ಹಿಂದೆ ಸರಿದರು, ಆ ಮಾತು ಬೇರೆ. ಜೆರಾಲ್ಡ್ ಫೋರ್ಡ್ ಅವರದು ಇದಕ್ಕೆ ತದ್ವಿರುದ್ಧ: 1974ರ ಆಗಸ್ಟ್‌ನಲ್ಲಿ ನಿಕ್ಸನ್ ರಾಜೀನಾಮೆಯಿಂದ ಪದವಿಗೆ ಬಂದ ಅವರಿಗೆ ಎರಡು ವರ್ಷಕ್ಕೂ ಮೀರಿದ ಅವಧಿ ಉಳಿದಿದ್ದರಿಂದ, 1976ರಲ್ಲಿ ಗೆದ್ದಿದ್ದರೂ 1980ರಲ್ಲಿ ನಿಲ್ಲುವಂತಿರಲಿಲ್ಲ.

ಅತ್ತಿಗೆ: ಹಾಗಾದರೆ ಎರಡು ಸಲ ಅಧ್ಯಕ್ಷರಾಗಿ ಆಯ್ಕೆಯಾದವರು ಉಪಾಧ್ಯಕ್ಷರಾಗಿ ಹಿಂಬಾಗಿಲಿನಿಂದ ಬರಬಹುದೇ?

ಚಿಕ್ಕಪ್ಪ: ಸಾಧ್ಯವಿಲ್ಲಮ್ಮ. ಅಧ್ಯಕ್ಷ ಪದವಿಗೆ ಅನರ್ಹರಾದವರು ಉಪಾಧ್ಯಕ್ಷರೂ ಆಗುವಂತಿಲ್ಲವೆಂದು 1804ರ 12ನೇ ತಿದ್ದುಪಡಿಯೇ ಹೇಳುತ್ತದೆ; ಇಷ್ಟನ್ನು ನಾನೂ ಓದಿದ್ದೇನೆ.

ನಾನು: ಓದಿದ್ದು ಸರಿ, ಚಿಕ್ಕಪ್ಪ, ಆದರೆ ನೀವು 'ಅನರ್ಹ' ಎನ್ನುವ ಪದದ ಮೇಲೆ ನಿಂತಿದ್ದೀರಿ, 22ನೇ ತಿದ್ದುಪಡಿಯಾದರೋ 'ಆಯ್ಕೆಯಾಗುವಂತಿಲ್ಲ' ಎಂದಷ್ಟೇ ಹೇಳಿ ನಿಲ್ಲುತ್ತದೆ. ಆಯ್ಕೆಯಾಗದೆ, ಉತ್ತರಾಧಿಕಾರದಿಂದ ಪದವಿಗೇರಲು ಅದು ಅಡ್ಡಿಯೇ ಎಂಬ ಬಗ್ಗೆ ಅಲ್ಲಿನ ಕಾನೂನು ಪಂಡಿತರಲ್ಲೇ ಎರಡು ಪಕ್ಷಗಳಿವೆ, ನ್ಯಾಯಾಲಯದ ತೀರ್ಪೂ ಇಲ್ಲ. ನನಗೂ ನಿಮ್ಮ ಅರ್ಥವೇ ಹೆಚ್ಚು ಸಮಂಜಸವಾಗಿ ಕಾಣುತ್ತದೆ, ಆದರೆ ನೀವು ಕಳುಹಿಸಿದ ಸಂದೇಶಕ್ಕೆ ಅದರಿಂದ ಬಲ ಬರುವುದಿಲ್ಲ.

ಚಿಕ್ಕಪ್ಪ: ಸರಿ, 'ಎಂಟು' ಎಂಬುದನ್ನು 'ಹೆಚ್ಚೆಂದರೆ ಹತ್ತು' ಎಂದು ತಿದ್ದಿ ಮತ್ತೆ ಕಳುಹಿಸುತ್ತೇನೆ.

ನಾನು: 'ಸಂವಿಧಾನ ಬರೆದ ದಿನದಿಂದಲೂ' ಎಂಬುದನ್ನೂ ತೆಗೆಯಿರಿ.