ಹಂದಿ ಚರ್ಮದಲ್ಲಿ ಏನೇನು ಹೊಲಿಯಬಹುದು? ಬಳಸಿದವರು ಹೇಳಿ

ದನದ ಚರ್ಮದಲ್ಲಿ ಪರ್ಸು, ಬೆಲ್ಟು ಹೊಲಿದು ರೂಢಿಯಿದೆ. ಈಗ ಹದ ಮಾಡಿದ ಹಂದಿ ಚರ್ಮ ಸಿಕ್ಕಿದೆ. ತೆಳ್ಳಗೆ, ಮೆತ್ತಗೆ, ಮೈತುಂಬ ಚುಕ್ಕಿ. ಇದರಲ್ಲಿ ಬ್ಯಾಗ್ ಮಾಡಿದರೆ ಬಾಳಿಕೆ ಬರುತ್ತದೆಯೇ?

ಉತ್ತರ 1
ಬ್ಯಾಗಿನ ಹೊರಮೈಗಿಂತ ಒಳಪದರಕ್ಕೆ ಹಾಕಿ ನೋಡಿ, ಅಲ್ಲಿ ಇದನ್ನು ಮೀರಿಸುವ ಚರ್ಮ ಕಡಿಮೆ. ಆ ಚುಕ್ಕಿಗಳನ್ನು ಹತ್ತಿರದಿಂದ ಗಮನಿಸಿ. ಮೂರು ಮೂರು ಗುಂಪಾಗಿರುತ್ತವೆ. ಬಿರುಗೂದಲು ಇದ್ದ ತೂತುಗಳು ಅವು. ದನದ ಚರ್ಮದಲ್ಲಿ ಕೂದಲ ಬುಡ ಮೇಲಿನ ಪದರದಲ್ಲೇ ನಿಲ್ಲುತ್ತದೆ. ಹಂದಿಯದು ಹಾಗಲ್ಲ, ಚರ್ಮವನ್ನು ಪೂರ್ತಿ ದಾಟಿ ಕೆಳಗಿನ ಕೊಬ್ಬಿನವರೆಗೂ ಇಳಿದಿರುತ್ತದೆ. ಹಾಗಾಗಿ ತುಂಡನ್ನು ತಿರುಗಿಸಿದರೆ ಹಿಂಬದಿಯಲ್ಲೂ ತೂತು ಕಾಣುತ್ತದೆ. ಬೆವರಿನ ಆವಿ ಆ ದಾರಿಯಲ್ಲೇ ಹೊರಬೀಳುತ್ತದೆ. ಶೂ ಒಳಪದರಕ್ಕೆ ಇದನ್ನು ಇಷ್ಟೊಂದು ಬಳಸುವುದು ಇದೇ ಕಾರಣಕ್ಕೆ. ಮಳೆಗೆ ಒಡ್ಡುವ ಬ್ಯಾಗಿಗೆ ಬೇಡ ಅನ್ನುವುದೂ ಇದಕ್ಕೇ.

ಹೊಲಿಯುವಾಗ ಸಣ್ಣ ಸೂಜಿ ಹಿಡಿಯಿರಿ, ಹೊಲಿಗೆ ತೀರಾ ಒತ್ತಾಗಿ ಹಾಕಬೇಡಿ. ಚರ್ಮ ತೆಳ್ಳಗಿರುವುದರಿಂದ ಸೂಜಿ ತೂತಿನ ಸಾಲಿನಲ್ಲೇ ಹರಿಯುತ್ತದೆ. ಎಳೆತ ಬೀಳುವ ಪಟ್ಟಿ, ಹಿಡಿಕೆಗಳಿಗೆ ದನದ ಚರ್ಮವೇ ಇರಲಿ. ಇನ್ನೊಂದು ಮಾತು, ಬೆನ್ನಿನ ಹಿಂಭಾಗದ ತುಂಡು ಬಿಗಿ, ಹೊಟ್ಟೆಯ ಕಡೆಯದು ಸಡಿಲ. ಕತ್ತರಿಸುವ ಮೊದಲು ಕೈಯಲ್ಲಿ ಎಳೆದು ನೋಡಿ ಬೇರೆ ಮಾಡಿಟ್ಟುಕೊಳ್ಳಿ.

ಉತ್ತರ 2
ನಾನು ಕೆಲಸಕ್ಕೆ ಹಂದಿ ಚರ್ಮದ ಗ್ಲೌಸನ್ನೇ ಹಾಕುವುದು. ದನದ ಚರ್ಮದ್ದು ನೆನೆದು ಒಣಗಿದರೆ ಸೆಟೆದುಕೊಳ್ಳುತ್ತದೆ, ಬೆರಳು ಮಡಿಸುವುದೇ ಕಷ್ಟ. ಇದು ಒಣಗಿದ ಮೇಲೂ ಮೆತ್ತಗೇ ಇರುತ್ತದೆ. ಒದ್ದೆ ಮಣ್ಣು, ಒದ್ದೆ ಮರ ಮುಟ್ಟುವವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ಇದನ್ನೇ ತಗೊಳ್ಳಿ. ಒಣಗಿಸುವುದು ಮಾತ್ರ ನೆರಳಲ್ಲಿ.

ಉತ್ತರ 3
ಬಾಳಿಕೆಯ ಬಗ್ಗೆ ಅನುಮಾನ ಬೇಡ. ಪುಸ್ತಕ ರಟ್ಟು ಕಟ್ಟುವ ನನಗೆ ಈ ಚರ್ಮದ ಮೇಲೆ ವಿಶೇಷ ಗೌರವ. 16ನೇ ಶತಮಾನದ ಜರ್ಮನಿಯಲ್ಲಿ ಮರದ ಹಲಗೆಯ ಮೇಲೆ ಪಟಿಕದಲ್ಲಿ ಹದ ಮಾಡಿದ ಬಿಳಿ ಹಂದಿ ಚರ್ಮ ಹೊದಿಸಿ, ಬಿಸಿ ಅಚ್ಚೊತ್ತಿ ಚಿತ್ತಾರ ಮೂಡಿಸುತ್ತಿದ್ದರು. ಆ ಸಂಪುಟಗಳು ಇಂದಿಗೂ ಗ್ರಂಥಾಲಯಗಳಲ್ಲಿವೆ, ಎಷ್ಟೋ ಕಡೆ ಅಚ್ಚಿನ ಗೆರೆ ಕೂಡ ಮಾಸಿಲ್ಲ. ಇಂಗ್ಲಿಷ್ ಶೈಲಿಯ ಕುದುರೆ ಜೀನಿನ ಆಸನಕ್ಕೂ ಹಿಂದಿನಿಂದ ಇದನ್ನೇ ಹಾಕುತ್ತಾ ಬಂದಿದ್ದಾರೆ. ಕೂತು ಎದ್ದು ಉಜ್ಜುವ ಜಾಗ ಅದು! ಡೈರಿಯ ಹೊದಿಕೆಯಿಂದ ಶುರು ಮಾಡಿ.

ಉತ್ತರ 4
ನಿಮ್ಮದು ಸ್ವೇಡ್ (ಒಳಮೈ ಉಜ್ಜಿ ನವಿರು ಮಾಡಿದ ಚರ್ಮ) ಆಗಿದ್ದರೆ ಮೃದುವಾದ ಚಪ್ಪಲಿ, ಶೂಗೂ ಆಗುತ್ತದೆ. 1958ರಲ್ಲಿ ಅಮೆರಿಕದಲ್ಲಿ ಬಂದ ಹಷ್ ಪಪ್ಪೀಸ್ ಶೂ ಹೆಸರು ಮಾಡಿದ್ದು ಹಂದಿ ಸ್ವೇಡಿನಿಂದಲೇ. ಕೊಳ್ಳುವಾಗ ಮೂಸಿ ನೋಡಿ. ಹಂದಿ ಚರ್ಮದಲ್ಲಿ ಕೊಬ್ಬು ಜಾಸ್ತಿ, ಹದ ಮಾಡುವಾಗ ಅದನ್ನು ಸರಿಯಾಗಿ ತೆಗೆಯದಿದ್ದರೆ ವಾಸನೆ, ಎಣ್ಣೆಕಲೆ ಎರಡೂ ಉಳಿಯುತ್ತವೆ. ಚುಕ್ಕಿಯ ವಿನ್ಯಾಸ ಒಂದೇ ಅಳತೆಗೆ ಮತ್ತೆ ಮತ್ತೆ ಬಂದರೆ ಅದು ಬೇರೆ ಚರ್ಮದ ಮೇಲೆ ಒತ್ತಿದ ಅಚ್ಚು.

ಮಾಡಿದ್ದನ್ನು ಮಾರುವುದಿದ್ದರೆ, ಉಡುಗೊರೆ ಕೊಡುವುದಿದ್ದರೆ, ಹಂದಿ ಚರ್ಮ ಅಂತ ಮೊದಲೇ ತಿಳಿಸಿ. ಧರ್ಮದ ಕಾರಣಕ್ಕೆ ಇದನ್ನು ಮುಟ್ಟದವರು ಬಹಳ ಜನ. ಒಳಪದರದಲ್ಲಿದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ, ನೀವೇ ಹೇಳಬೇಕು.